ನಾಲ್ಕನೇ ಜ್ವರದಲ್ಲಿ ಮೂವತ್ತಮೂರು ತೋರಿಸಿದ ಥರ್ಮಿಸ್ಟರ್ ಮಹಾಶಯರಿಗೆ

ಗೆ,
ಮಾನ್ಯ ಥರ್ಮಿಸ್ಟರ್ ಮಹಾಶಯರು,
ತಂತಿಯ ತುದಿಯ ಕಪ್ಪು ಮಣಿ,
ನಡುವಿನ ರ್ಯಾಕ್, ಎರಡನೇ ಅಂತಸ್ತು, ರೇಷ್ಮೆ ಹುಳುಮನೆ,
ಪೂರಿಗಾಲಿ, ಮಳವಳ್ಳಿ ತಾಲ್ಲೂಕು, ಮಂಡ್ಯ ಜಿಲ್ಲೆ.

ವಿಷಯ: ಚಳಿಯನ್ನು ಸೆಕೆಯೆಂದು ವರದಿ ಮಾಡಿ ರೇಷ್ಮೆ ಹುಳುಗಳನ್ನೂ ಒಂದು ಕುಟುಂಬವನ್ನೂ ನಡುಗಿಸಿದ ಬಗ್ಗೆ.

ಮಾನ್ಯರೇ,

ಪೂರಿಗಾಲಿಯ ಶಶಿರೇಖಾ ತಮಗೆ ಮಾಡುವ ಅನಂತ ನಮಸ್ಕಾರಗಳು. ದೊಡ್ಡವರಿಗೆ ಬರೆಯುವಾಗ ಪಾದಾರವಿಂದಗಳಿಗೆ ಎಂದು ಆರಂಭಿಸುವುದು ನಮ್ಮ ಕಡೆಯ ವಾಡಿಕೆಯಾದರೂ, ತಮಗೆ ಪಾದಗಳಿಲ್ಲದೆ ಎರಡು ತಂತಿಗಳು ಮಾತ್ರ ಇರುವುದನ್ನು ಮನಗಂಡು, ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಎನ್ನದೆ ಎರಡಕ್ಕೂ ಸಮನಾಗಿ ತಲೆಬಾಗುತ್ತೇನೆ. ಮೆಣಸಿನ ಕಾಳಿಗಿಂತ ಚಿಕ್ಕ ದೇಹದಲ್ಲಿ ಕುಳಿತು ಇಡೀ ಹುಳುಮನೆಯ ಆಡಳಿತ ನಡೆಸುವ ತಮ್ಮ ಸಾಮರ್ಥ್ಯವನ್ನು ಎಷ್ಟು ಹೊಗಳಿದರೂ ಸಾಲದು. ತಾವು ಒಂದು ಮಾತು ಹೇಳಿದರೆ ಹೀಟರ್ ಏಳುತ್ತದೆ, ಇನ್ನೊಂದು ಮಾತು ಹೇಳಿದರೆ ಮಲಗುತ್ತದೆ. ನನ್ನ ಮಾತಿಗೆ ಹೀಗೆ ಏಳುವವರನ್ನಾಗಲಿ ಮಲಗುವವರನ್ನಾಗಲಿ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾನು ಕಂಡಿಲ್ಲವಾದ್ದರಿಂದ, ತಮ್ಮ ಬಗ್ಗೆ ನನಗೆ ಮೊದಲಿನಿಂದಲೂ ಗೌರವ ಮಿಶ್ರಿತ ಹೊಟ್ಟೆಕಿಚ್ಚು ಇದ್ದದ್ದನ್ನು ಮುಚ್ಚಿಡುವುದಿಲ್ಲ.

ಇದು ಬಹಿರಂಗ ಪತ್ರವಾದ್ದರಿಂದ, ತಮಗೆ ಗೊತ್ತಿರುವ ಕೆಲವು ಸಂಗತಿಗಳನ್ನು ಓದುಗರ ಸಲುವಾಗಿ ಮತ್ತೆ ಹೇಳಬೇಕಾಗಿದೆ. ನಮ್ಮದು ಹಿಪ್ಪುನೇರಳೆ ತೋಟವೂ ಅದರ ಅಂಚಿನಲ್ಲಿ ಒಂದು ಹುಳುಮನೆಯೂ ಇರುವ ಕುಟುಂಬ. ನಮ್ಮ ಅತ್ತೆ ಸಣ್ಣತಾಯಮ್ಮನವರು ಇಷ್ಟು ವರ್ಷ ಹಳದಿ ಗೂಡಿನ ಮಿಶ್ರತಳಿ ಹುಳುಗಳನ್ನೇ ಸಾಕಿದವರು. ಬಿಳಿಗೂಡು ಕಟ್ಟುವ ತಳಿಯನ್ನು ಸಾಕಬೇಕೆಂದು ನಾನು ಹಠ ಹಿಡಿದೆ. ಈ ಬಿಳಿಗೂಡಿನ ಹುಳುಗಳು ಹೊಸ ಅಳಿಯಂದಿರಿದ್ದಂತೆ. ಸ್ವಲ್ಪ ಸೆಕೆಯಾದರೂ ಮುನಿಸು, ಸ್ವಲ್ಪ ಚಳಿಯಾದರೂ ಮುನಿಸು. ಇಪ್ಪತ್ತೈದು ಡಿಗ್ರಿಯ ಆಸುಪಾಸಿನಲ್ಲಿ ಕೂರಿಸಿ ಉಪಚರಿಸಿದರೆ ಮಾತ್ರ ಒಲಿಯುತ್ತವೆ. ಆದ್ದರಿಂದಲೇ ಮದ್ದೂರಿನ ಶ್ರೀಕಾಂತ್ ಅವರ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಒಂದು ಹೀಟರನ್ನೂ, ಕೆಂಪು ಅಂಕಿ ತೋರಿಸುವ ಒಂದು ಡಬ್ಬಿಯನ್ನೂ, ಆ ಡಬ್ಬಿಯ ಕಣ್ಣು ಕಿವಿ ಎರಡೂ ಆದ ತಮ್ಮನ್ನೂ ಬರಮಾಡಿಕೊಂಡದ್ದು.

ಅದೇ ಹುಳುಮನೆಯ ಮೇಲೆ ನನ್ನ ಮೈದುನ ರಘುನಂದನನಿಗೂ ಕಣ್ಣಿತ್ತು. ಅವನಿಗೆ ಅಲ್ಲಿ ಕೋಳಿ ಸಾಕಬೇಕು. ನಮ್ಮ ಯಜಮಾನರು ಮಂಡ್ಯದ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದು, ತಾಯಿಯ ಮಾತನ್ನು ಹೆಂಡತಿಗೂ ಹೆಂಡತಿಯ ಮಾತನ್ನು ತಾಯಿಗೂ ದಾಟಿಸದ ಶುದ್ಧ ಅವಾಹಕರಾದ್ದರಿಂದ, ತೀರ್ಮಾನ ಅತ್ತೆಯವರ ಪಾಲಿಗೇ ಬಂತು. ಮೊಟ್ಟೆಯೊಡೆಸಿ ಮರಿ ಸಾಕಿಕೊಡುವ ಚಾಕಿ ಕೇಂದ್ರದಿಂದ ಮರಿಹುಳುಗಳು ಬಂದ ದಿನ ಬಾಗಿಲಲ್ಲಿ ನಿಂತು ಅವರು ಹೇಳಿದ ಮಾತನ್ನು ತಾವೂ ಕೇಳಿರುತ್ತೀರಿ. "ನೋಡವ್ವ ಸಸಿರೇಕ, ಬಿಳಿಗೂಡು ಬೆಳೀತೀನಿ ಅಂತೀಯ, ಬೆಳಿ. ಈ ಬೆಳೆ ಕೈಗತ್ತುದ್ರೆ ಉಳದ್ ಮನೆ ನಿಂದು. ಕೈಕೊಟ್ರೆ ರಗುಗೆ ಬುಟ್ಕೊಡು, ಅವ್ನು ಬಾಯ್ಲರ್ ಕೋಳಿ ಸಾಕ್ಕಳ್ಲಿ. ಆಮೇಲ್ ಮಾತಿಲ್ಲ." ಬಾಯ್ಲರ್ ಎಂದರೆ ನೀರು ಕಾಯಿಸುವ ಪಾತ್ರೆಯೆಂದೂ ಕೋಳಿಗೆ ಬೇರೆ ಹೆಸರಿದೆಯೆಂದೂ ತಿದ್ದಲು ಅದು ಸಮಯವಾಗಿರಲಿಲ್ಲ. ಹೀಗೆ ಒಂದು ಬೆಳೆಯ ಮೇಲೆ ನನ್ನ ಹುಳುಮನೆ ನಿಂತಿತು, ಆ ಬೆಳೆ ತಮ್ಮ ಮೇಲೆ ನಿಂತಿತು, ತಾವು ಒಂದು ತಂತಿಯ ಮೇಲೆ ನೇತಾಡಿದಿರಿ.

ತಮ್ಮ ಕುಲಗೋತ್ರದ ವಿಚಾರವನ್ನು ನಾನು ಕಾಲೇಜಿನಲ್ಲಿ ಓದಿದ್ದೆ, ಮರೆತಿದ್ದೆ, ಈ ಪ್ರಕರಣದ ನಂತರ ಮತ್ತೆ ಓದಿದೆ. ಮ್ಯಾಂಗನೀಸ್, ನಿಕ್ಕಲ್ ಮುಂತಾದ ಲೋಹಗಳ ಆಕ್ಸೈಡುಗಳನ್ನು ಬೆರೆಸಿ, ಒತ್ತಿ, ನಮ್ಮ ಮಡಕೆಯಂತೆಯೇ ಸುಟ್ಟು ತಮ್ಮನ್ನು ಮಾಡುತ್ತಾರಂತೆ. ತಾವು ಅರೆವಾಹಕರು. ಈ ಹೆಸರಿನಲ್ಲಿರುವ ಅರೆಯನ್ನು ತಾವು ಅವಮಾನವೆಂದು ತಿಳಿಯಬಾರದು. ಅರೆ ಮನಸ್ಸು, ಅರೆಬರೆ ಕೆಲಸ ಎನ್ನುವಾಗ ಬರುವ ಅರೆ ಅಲ್ಲ ಅದು. ತಾಮ್ರದಷ್ಟು ಧಾರಾಳವಾಗಿ ಕರೆಂಟನ್ನು ಬಿಡದ, ಗಾಜಿನಷ್ಟು ಬಿಗಿಯಾಗಿ ತಡೆಯದ ಮಧ್ಯಮಮಾರ್ಗಿಗಳೆಂದು ಅದರ ಅರ್ಥ.

ತಾಮ್ರದ ಸ್ವಭಾವ ನಮಗೆ ಸುಲಭವಾಗಿ ತಿಳಿಯುತ್ತದೆ, ಯಾಕೆಂದರೆ ಅದು ಮದ್ದೂರು ಬಸ್ ನಿಲ್ದಾಣದ ಹಾಗೆ. ಅದರೊಳಗಿನ ಎಲೆಕ್ಟ್ರಾನುಗಳು ಆಗಲೇ ಮನೆ ಬಿಟ್ಟು ಬಂದು ಓಡಾಡುತ್ತಿರುವ ಜನ. ಬಿಸಿ ಏರಿದರೆ ಸುತ್ತಲಿನ ಪರಮಾಣುಗಳು ಕುಣಿದಾಡಿ, ಓಡುವವರಿಗೆ ಢಿಕ್ಕಿ ಹೊಡೆದು, ದಾರಿ ಇನ್ನಷ್ಟು ಕಷ್ಟವಾಗುತ್ತದೆ. ಬೇಸಿಗೆಯ ಮಧ್ಯಾಹ್ನ ನಿಲ್ದಾಣದಲ್ಲಿ ಆಗುವುದೂ ಅದೇ. ತಮ್ಮದು ಇದಕ್ಕೆ ಪೂರ್ತಿ ವಿರುದ್ಧ. ತಮ್ಮ ಎಲೆಕ್ಟ್ರಾನುಗಳು ಮಾಘ ಮಾಸದ ಬೆಳಗಿನ ಪೂರಿಗಾಲಿಯ ಜನರಂತೆ, ಕಂಬಳಿ ಬಿಟ್ಟು ಹೊರಗೆ ಬರುವುದೇ ಇಲ್ಲ. ಹೊರಗೆ ಬಂದವರೇ ಕಡಿಮೆಯಾದ್ದರಿಂದ ಕರೆಂಟನ್ನು ಹೊರುವವರೂ ಕಡಿಮೆ. ಬಿಸಿಲೇರಿ ಮೈಗೆ ಶಾಖ ತಗುಲಿದಂತೆಲ್ಲ ಒಬ್ಬೊಬ್ಬರಾಗಿ ಬಿಡಿಸಿಕೊಂಡು ಬೀದಿಗಿಳಿಯುತ್ತಾರೆ, ಕರೆಂಟು ಸಲೀಸಾಗಿ ಹರಿಯುತ್ತದೆ. ಒಂದು ಡಿಗ್ರಿ ಹೆಚ್ಚಾದರೆ ತಾಮ್ರದ ಅಡ್ಡಿ ನೂರಕ್ಕೆ ಅರ್ಧ ಪಾಲೂ ಏರುವುದಿಲ್ಲ. ತಮ್ಮ ಅಡ್ಡಿ ನೂರಕ್ಕೆ ನಾಲ್ಕು ಪಾಲಿನಷ್ಟು ಇಳಿದುಬಿಡುತ್ತದೆ. ಇಷ್ಟು ಸೂಕ್ಷ್ಮ ಮನಸ್ಸಿನವರಾದ್ದರಿಂದಲೇ ತಮಗೆ ಈ ಹುದ್ದೆ. ಅಡ್ಡಿ ಕಡಿಮೆಯಾದರೆ ಸೆಕೆ, ಹೆಚ್ಚಾದರೆ ಚಳಿ: ಡಬ್ಬಿಗೆ ತಿಳಿದಿರುವ ವೇದಾಂತ ಇಷ್ಟೇ, ಮತ್ತು ಅದು ತಮ್ಮ ಬಾಯಿಂದ ಬಂದದ್ದನ್ನು ಎಂದೂ ಪ್ರಶ್ನಿಸಿದ್ದಿಲ್ಲ.

ಈಗ ದೂರಿಗೆ ಬರುತ್ತೇನೆ. ತಮ್ಮೊಂದಿಗೆ ಬಂದ ತಂತಿ ಗಿಡ್ಡವಾಗಿತ್ತು. ಡಬ್ಬಿ ಬಾಗಿಲ ಬಳಿ, ತಾವು ನಡುವಿನ ರ್ಯಾಕಿನಲ್ಲಿ. ರಘು ಮುಂದೆ ಬಂದು, "ಅತ್ಗೆ, ತಂತಿ ಜೋಡ್ಸಕ್ಕೂ ಮದ್ದೂರಿಂದ ಜನ ಬರ್ಬೇಕಾ, ನಾನ್ ಸತ್ತೋಗಿದ್ದೀನಾ" ಎಂದು ಕೇಳಿ, ಒಂದು ಹಳೆಯ ಇಯರ್‌ಫೋನಿನ ತಂತಿಯನ್ನು ಕತ್ತರಿಸಿ ಜೋಡಿಸಿದ. ಕೋಳಿಯ ಆಸೆಯಿಂದ ಬೇಕೆಂದೇ ಕೆಡಿಸಿದನೆಂದು ನಾನು ಹೇಳುವುದಿಲ್ಲ. ಕೆಡಿಸಲು ಬೇಕಾಗುವಷ್ಟು ಕಾಳಜಿಯೂ ಅವನ ಕೆಲಸದಲ್ಲಿ ಇರಲಿಲ್ಲ. ಕರೆಂಟಿನ ಕಪ್ಪು ಟೇಪು ಸಿಗದೆ, ಗಾಯಕ್ಕೆ ಹಚ್ಚುವ ಬಿಳಿ ಬಟ್ಟೆಯ ಪ್ಲಾಸ್ಟರನ್ನು ಸುತ್ತಿ, ಗಾಯಗೊಂಡ ತಂತಿಯನ್ನು ಕಿಟಕಿಯ ಸರಳಿಗೆ ಕಟ್ಟಿದ. ಸಂಕ್ರಾಂತಿ ಕಳೆದಿತ್ತು, ಗಾಳಿ ಒಣಗಿತ್ತು, ಸೊಪ್ಪು ಬಾಡುತ್ತಿತ್ತು. ತೇವ ಇರಲೆಂದು ಅತ್ತೆಯವರು ಅದೇ ಕಿಟಕಿಗೆ ಗೋಣಿಚೀಲ ಇಳಿಬಿಟ್ಟು ದಿನವೂ ಬೆಳಗ್ಗೆ ಚೊಂಬಿನಲ್ಲಿ ನೀರು ಹಾಕತೊಡಗಿದರು.

ಪ್ಲಾಸ್ಟರ್ ನೀರು ಕುಡಿಯಿತು. ಹುಳುಗಳ ಮೇಲೆ ಚೆಲ್ಲುವ ಸುಣ್ಣದ ಪುಡಿ ಗಾಳಿಯಲ್ಲಿ ಹಾರಿ ಬಂದು ಅದರ ಮೇಲೆ ಕೂತಿತು. ಎರಡು ತಂತಿಗಳ ನಡುವೆ ಆ ಒದ್ದೆಯಲ್ಲೇ ಒಂದು ಒಳದಾರಿ ತೆರೆಯಿತು. ತಮ್ಮ ಮೂಲಕ ಹಾದುಬರಬೇಕಾಗಿದ್ದ ಕರೆಂಟಿನಲ್ಲಿ ಒಂದು ಪಾಲು, ಹೆದ್ದಾರಿ ಬಿಟ್ಟು ನಿಡಘಟ್ಟದ ಬಳಿ ಸರ್ವಿಸ್ ರಸ್ತೆಗಿಳಿಯುವ ಕಾರುಗಳಂತೆ, ಅಲ್ಲೇ ಇಳಿದು ಹಿಂತಿರುಗತೊಡಗಿತು. ಡಬ್ಬಿಗೆ ಇದೆಲ್ಲ ಹೇಗೆ ತಿಳಿಯಬೇಕು? ಕರೆಂಟು ಸಲೀಸಾಗಿ ಬರುತ್ತಿದೆ, ಅಂದರೆ ಒಳಗೆ ಸೆಕೆ ಎಂದು ಅದು ಬಗೆದು, ಇಪ್ಪತ್ತೇಳು ಎಂದಿತು, ಇಪ್ಪತ್ತೊಂಬತ್ತು ಎಂದಿತು, ಹೀಟರಿಗೆ ಮಲಗೆಂದು ಅಪ್ಪಣೆ ಕೊಡಿಸಿತು. ಹೊರಗೆ ಬಾಯಿಯಿಂದ ಹೊಗೆ ಬರುವಂಥ ಮುಂಜಾವು. ಒಳಗೆ, ತಮ್ಮ ಹೆಸರಿನಲ್ಲಿ, ಯುಗಾದಿಯ ಬಿಸಿಲು.

ಸರಿಯಾಗಿ ಆ ಹೊತ್ತಿಗೆ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತವು. ಹುಳು ಸಾಕದವರಿಗಾಗಿ ಇದನ್ನು ಬಿಡಿಸಿ ಹೇಳಬೇಕು. ರೇಷ್ಮೆ ಹುಳು ಪೊರೆ ಕಳಚುವ ಮುನ್ನ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲುಗದೆ ಒಂದು ದಿನದಷ್ಟು ಕಾಲ ಕೂರುತ್ತದೆ. ಪುಸ್ತಕದವರು ಅದನ್ನು ನಿದ್ರೆ ಎನ್ನುತ್ತಾರೆ, ನಾವು ಜ್ವರ ಎನ್ನುತ್ತೇವೆ. ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ಹುಳುವಿಗೆ ನಾಲ್ಕು ಜ್ವರ. ಈ ಜ್ವರದಲ್ಲಿ ಮೈ ಬಿಸಿಯಾಗುವುದಿಲ್ಲ. ಸುಣ್ಣ ಮಾತ್ರ ಚೆಲ್ಲುತ್ತೇವೆ, ಮಾತ್ರೆ ಕೊಡುವುದಿಲ್ಲ. ಎಲ್ಲವೂ ಒಟ್ಟಿಗೆ ಕೂತು ಒಟ್ಟಿಗೆ ಎದ್ದರೆ ಬೆಳೆ ಕೈಗೆ ಬಂದಂತೆ. ಚಳಿಗೆ ಸಿಕ್ಕಿ ಕೆಲವು ಇಂದು, ಕೆಲವು ನಾಳೆ, ಕೆಲವು ನಾಡಿದ್ದು ಎದ್ದರೆ, ಯಾರಿಗೆ ಸೊಪ್ಪು ಹಾಕುವುದು ಯಾರಿಗೆ ಬಿಡುವುದು ಎಂದು ತಿಳಿಯದೆ ಮನೆಯವರಿಗೇ ಜ್ವರ ಬರುತ್ತದೆ.

ಅಂಕಿ ಮೂವತ್ತೊಂದಕ್ಕೆ ಏರಿದಾಗ ನಾನು ಗಾಬರಿಯಿಂದ ಶ್ರೀಕಾಂತ್ ಅವರಿಗೆ ಫೋನ್ ಮಾಡಿದೆ. ಅವರು ಮದ್ದೂರು ಪೇಟೆಯಲ್ಲೇ ಹುಟ್ಟಿ ಬೆಳೆದವರಾದರೂ ಹುಳು ಕಂಡರೆ ಮೈ ಜುಮ್ಮೆನ್ನುವ ಜನ. ಯುಪಿಎಸ್ಸು, ಸ್ಟೆಬಿಲೈಸರುಗಳ ನಡುವೆ ಬದುಕು ಕಳೆದವರು. "ಸಾರ್, ಹುಳುಗಳಿಗೆ ನಾಲ್ಕನೇ ಜ್ವರ, ಮಿಷನ್ನು ಮೂವತ್ತೊಂದು ತೋರಿಸ್ತಾ ಇದೆ" ಎಂದೆ. ಅವರು ಅತ್ಯಂತ ಸಮಾಧಾನದಿಂದ, "ಜ್ವರ ಅಂತ ನೀವೇ ಹೇಳ್ತಿದ್ದೀರಲ್ಲಮ್ಮಾ, ಜ್ವರ ಇದ್ರೆ ಟೆಂಪರೇಚರ್ ಏರಲೇಬೇಕು. ನಮ್ಮ ಸೆನ್ಸರ್ ಎಷ್ಟು ಸೂಕ್ಷ್ಮ ನೋಡಿ, ಹುಳದ ಜ್ವರಾನೂ ಹಿಡಿದಿದೆ" ಎಂದರು. ಆಮೇಲೆ ಸ್ವಲ್ಪ ಗದರುವ ದನಿಯಲ್ಲಿ, "ಮೂರು ಸಲ ಜ್ವರ ಬರೋವರೆಗೂ ಯಾಕಮ್ಮಾ ಸುಮ್ನಿದ್ರಿ? ಮೊದಲು ತಣ್ಣಗಿಡಿ. ಯಾರಾದ್ರೂ ಡಾಕ್ಟರಿಗೆ ತೋರಿಸಿ" ಎಂದೂ ಸೇರಿಸಿದರು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರಿಗೆ ಬೇರೆ ಗಿರಾಕಿ ಬಂದಿದ್ದರು. ಪಕ್ಕದಲ್ಲಿ ನಿಂತಿದ್ದ ರಘು ಮಾತ್ರ ಆ ಸಂಭಾಷಣೆಯಿಂದ ತನಗೆ ಬೇಕಾದ ಎರಡು ಪದಗಳನ್ನು, ತಣ್ಣಗಿಡಿ ಎಂಬುದನ್ನು, ಹೆಕ್ಕಿಕೊಂಡಿದ್ದ. ಅದು ಒಂದೇ ಪದವೆಂದು ವ್ಯಾಕರಣ ಬಲ್ಲವರು ಹೇಳಬಹುದು. ಅವನು ಅದನ್ನು ಎರಡು ಬಿಂದಿಗೆಯಾಗಿ ಜಾರಿಗೆ ತಂದ.

"ಜ್ವರಕ್ಕೆ ಕೂತಾಗ ತೇವ ಆಗದಿಲ್ಲ ಕಣ್ಲಾ" ಎಂದು ಅತ್ತೆ ತಡೆದರು. "ಒಳೀಕ್ ಎಲ್ ಹಾಕ್ತೀನವ್ವ, ಕಿಟ್ಕಿ ಗೋಣಿಗೆ ತಾನೆ" ಎಂದು ಅವನು ಎರಡನೇ ಬಿಂದಿಗೆಯನ್ನೂ ಸುರಿದ. ಗೋಣಿ ಒದ್ದೆಯಾದಷ್ಟೂ ಪ್ಲಾಸ್ಟರ್ ಒದ್ದೆ, ಪ್ಲಾಸ್ಟರ್ ಒದ್ದೆಯಾದಷ್ಟೂ ಅಂಕಿ ಮೇಲೆ, ಅಂಕಿ ಮೇಲೇರಿದಷ್ಟೂ ನೀರು. ಮಾನ್ಯರೇ, ತಾವು ಮೂವತ್ತಮೂರಕ್ಕೆ ಏರಿದ್ದು ಹೀಗೆ. ಒಬ್ಬರು ತಪ್ಪು ಹೇಳುತ್ತಾ ಹೋದಂತೆಲ್ಲ ಅವರ ಮಾತಿಗೆ ಬೆಲೆ ಏರುತ್ತಾ ಹೋಗುವುದನ್ನು ದಿನಪತ್ರಿಕೆಗಳಲ್ಲಿ ಓದಿ ಬಲ್ಲೆ. ಹುಳುಮನೆಯಲ್ಲಿ ನೋಡಿದ್ದು ಇದೇ ಮೊದಲು.

ಅಂದಿನ ನಮ್ಮ ಮನೆಯ ದೃಶ್ಯವನ್ನು ತಾವು ಎತ್ತರದಿಂದ ನೋಡಿದ್ದೀರಿ. ಅತ್ತೆ ಸ್ವೆಟರಿನ ಮೇಲೆ ಶಾಲು, ಶಾಲಿನ ಮೇಲೆ ಕಂಬಳಿ ಹೊದ್ದು, ಕೈಯಲ್ಲಿ ಮೊರ ಹಿಡಿದು, ಸೆಕೆಯಲ್ಲಿದ್ದಾವೆಂದು ಹುಳುಗಳಿಗೆ ಗಾಳಿ ಬೀಸುತ್ತಿದ್ದರು. ರಘು ಕೋತಿ ಟೊಪ್ಪಿ ಹಾಕಿಕೊಂಡು ಎದುರಿನ ಕಿಟಕಿಯನ್ನೂ ತೆಗೆದಿದ್ದ. "ಏನ್ಲಾ ರಗು, ಸೆಕೆ ಅಂತದೆ ಮಿಸಿನ್ನು, ನಂಗ್ಯಾಕ್ಲಾ ಅಲ್ಲು ಕಟಕಟ ಅಂತಾವೆ?" ಎಂದು ಅತ್ತೆ ಕೇಳಿದರು. "ವಯಸ್ಸಾಯ್ತಲ್ಲವ್ವ" ಎಂದ ಅವನು. "ನಿಂಗೂ ಕಟಕಟ ಅಂತಾವಲ್ಲ, ನಿಂಗೂ ವಯಸ್ಸಾಯ್ತಾ?" "ನಂಗೆ ನಿನ್ ನೋಡಿ ಅಂಗಾಯ್ತಾ ಅದೆ." ನನ್ನ ಬಗ್ಗೆ ಹೇಳುವುದಾದರೆ, ಬೆರಳು ಮರಗಟ್ಟಿ ಸುಣ್ಣದ ಜರಡಿ ಕೈಯಿಂದ ಜಾರಿದಾಗಲೂ ನಾನು ನೋಡಿದ್ದು ಬೆರಳನ್ನಲ್ಲ, ತಮ್ಮ ಅಂಕಿಯನ್ನು. ಕೆಂಪಗೆ ಹೊಳೆಯುವ, ದಶಾಂಶ ಬಿಂದುವೂ ಇರುವ ಅಂಕಿಯೊಂದು ಗೋಡೆಯ ಮೇಲಿದ್ದಾಗ ಕೇವಲ ಚರ್ಮದ ಮಾತನ್ನು ಯಾರು ತಾನೇ ಕೇಳುತ್ತಾರೆ?

ಮನೆಯಲ್ಲಿ ಸೆಕೆಯಿದ್ದೂ ತನಗೆ ಚಳಿಯಾಗುತ್ತಿರುವುದರಿಂದ ತನಗೆ ಜ್ವರವೇ ಇರಬೇಕೆಂದು ಅತ್ತೆ ತೀರ್ಮಾನಿಸಿದರು, ತರ್ಕದಲ್ಲಿ ದೋಷವಿರಲಿಲ್ಲ. ಮೆಣಸಿನ ಕಷಾಯ ಕುಡಿದರು, ನಡುಕ ನಿಲ್ಲಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅವರನ್ನು ಮಳವಳ್ಳಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಅವರ ನಾಲಿಗೆಯ ಕೆಳಗೆ ಇಟ್ಟದ್ದು ಯಾರನ್ನೆಂದು ತಮಗೆ ಗೊತ್ತಾದರೆ ಸಂತೋಷವಾಗುತ್ತದೆ: ತಮ್ಮ ದಾಯಾದಿಯನ್ನೇ. ಆ ಪ್ಲಾಸ್ಟಿಕ್ ಕಡ್ಡಿಯ ಮೂತಿಯಲ್ಲಿ ತಮ್ಮಂಥದೇ ಒಂದು ಮಣಿ ಕೂತಿರುತ್ತದಂತೆ. ಅದು ಪಿಂಕ್ ಎಂದು ಸದ್ದು ಮಾಡಿತು, ಡಾಕ್ಟರಮ್ಮ ನೋಡಿ, "ತೊಂಬತ್ತೆಂಟು. ಏನೂ ಜ್ವರ ಇಲ್ಲ ಅಜ್ಜಿ" ಎಂದರು.

ಅತ್ತೆ ಒಪ್ಪಲಿಲ್ಲ. "ತೊಂಬತ್ತೆಂಟು ಇದ್ರೂ ಜ್ವರ ಇಲ್ವಂತೆ, ನಮ್ಮನೇಲಿ ಮೂವತ್ಮೂರಕ್ಕೇ ಸೆಕೆ ಅಂತ ಬಡ್ಕತಾ ಅದೆ. ಯಾರ್ನ ನಂಬನವ್ವ? ನಿಮ್ ಮಿಸಿನ್ನು ಕೆಟ್ಟೋಗದೆ ಕಣವ್ವ, ನಮ್ಮನೇದು ಒಸದು" ಎಂದರು. ಸತ್ಯ ಹೇಳಿದ ಮಣಿಯನ್ನು ಸುಳ್ಳುಗಾರನೆಂದೂ ಸುಳ್ಳು ಹೇಳಿದ ಮಣಿಯನ್ನು ಮನೆಮಗನೆಂದೂ ಅವರು ಸಾರಿದ ಆ ಗಳಿಗೆ ತಮ್ಮ ಸೇವಾ ಜೀವನದ ಶಿಖರವೆಂದು ನನ್ನ ಭಾವನೆ. ಡಾಕ್ಟರಮ್ಮ ನಗಲಿಲ್ಲ. ಅತ್ತೆಯ ಕೈಯನ್ನು ಹಿಡಿದು, ನನ್ನ ಕೈಯನ್ನೂ ಮುಟ್ಟಿ ನೋಡಿ, "ಇಬ್ಬರ ಕೈಯೂ ಐಸ್ ಥರ ಇದೆಯಲ್ಲಮ್ಮ, ನೀವು ಕೆಲಸ ಮಾಡೋ ಜಾಗವೇ ತಣ್ಣಗಿದೆಯೇನೋ ನೋಡಿ" ಎಂದರು. ಅದು ನನಗೆ ಹೊಳೆಯದೇ ಇದ್ದದ್ದಲ್ಲ, ಮಾನ್ಯರೇ. ಹೊಳೆದದ್ದನ್ನು ನಾನೇ ತಮ್ಮ ಅಂಕಿಯಿಂದ ಮುಚ್ಚಿಟ್ಟಿದ್ದೆ.

ಕ್ಲಿನಿಕ್ಕಿನ ಮೆಟ್ಟಿಲಲ್ಲೇ ನಿಂತು ಮತ್ತೆ ಮದ್ದೂರಿಗೆ ಫೋನ್ ಮಾಡಿದೆ. ಈ ಸಲ ಜ್ವರ ಎಂಬ ಪದವನ್ನು ಬಾಯಿಗೆ ತಂದುಕೊಳ್ಳದೆ, ಮನೆಯಲ್ಲಿ ಎಲ್ಲರೂ ನಡುಗುತ್ತಿದ್ದೇವೆ, ನಿಮ್ಮ ಡಬ್ಬಿ ಮೂವತ್ತಮೂರು ಎನ್ನುತ್ತಿದೆ ಎಂದಷ್ಟೇ ಹೇಳಿದೆ. ಶ್ರೀಕಾಂತ್ ಅವರು "ಮುಟ್ಟಬೇಡಿ, ಬರ್ತೀನಿ" ಎಂದರು, ಮತ್ತು ಹುಳುವಿನ ಭಯವನ್ನು ಬದಿಗಿಟ್ಟು ಸ್ಕೂಟರಿನಲ್ಲಿ ಬಂದೇಬಿಟ್ಟರು. ರ್ಯಾಕುಗಳಿಗೆ ಬೆನ್ನು ಮಾಡಿ ಕೂತು, ಮೀಟರಿನ ಕಡ್ಡಿಗಳನ್ನು ಡಬ್ಬಿಯ ಕಡೆಯ ತಂತಿಗೆ ಹಿಡಿದಾಗ ಏಳು ಸಾವಿರ ಓಮ್ ಅಡ್ಡಿ ಬಂತು, ಡಬ್ಬಿಯ ಲೆಕ್ಕದಲ್ಲಿ ಅದೇ ಮೂವತ್ತಮೂರು. ಪ್ಲಾಸ್ಟರ್ ಬಿಚ್ಚಿ, ಜೋಡಣೆ ಕತ್ತರಿಸಿ, ತಮ್ಮನ್ನೊಬ್ಬರನ್ನೇ ಅಳೆದಾಗ ಹನ್ನೆರಡು ಸಾವಿರ. ಹನ್ನೆರಡು ಸಾವಿರವೆಂದರೆ ಇಪ್ಪತ್ತೊಂದು ಡಿಗ್ರಿ, ಅದೂ ಹಗಲಿನ ಬಿಸಿಲು ಕಂಡ ಮೇಲೆ; ಮುಂಜಾವಿನಲ್ಲಿ ಇನ್ನೆಷ್ಟು ಇಳಿದಿತ್ತೋ. ಅಂದರೆ ತಾವು ಅಷ್ಟೂ ದಿನ ಚಳಿ, ಚಳಿ ಎಂದೇ ಹೇಳುತ್ತಿದ್ದಿರಿ. ತಮ್ಮ ಮಾತು ಡಬ್ಬಿಯನ್ನು ತಲುಪುವ ಮುನ್ನ ಒಂದು ಒದ್ದೆ ಚಿಂದಿ ನಡುವೆ ಬಾಯಿ ಹಾಕುತ್ತಿತ್ತು. ಶ್ರೀಕಾಂತ್ ಅವರು ಪ್ಲಾಸ್ಟರನ್ನು ಎರಡು ಬೆರಳಿನಲ್ಲಿ ಹಿಂಡಿದರು. ಸುಣ್ಣದ ನೀರು ತೊಟ್ಟಿಕ್ಕಿತು. "ಇದನ್ನ ಯಾರು ಸುತ್ತಿದ್ದು?" ಎಂದರು. ರಘು ಆ ಹೊತ್ತಿಗೆ ಹಸುವಿಗೆ ಹುಲ್ಲು ತರಲು ಹೋಗಿದ್ದ. ಹಸುವಿಗೆ ಅಂದು ಎರಡನೇ ಸಲ ಹುಲ್ಲು.

ಒಣ ಜೋಡಣೆಯಾಗಿ, ರಬ್ಬರ್ ಕೊಳವೆ ಏರಿಸಿ, ಹೀಟರ್ ಎದ್ದು ಕೂತ ಮೇಲೆ, ಜ್ವರವೆಂದರೆ ಹುಳುವಿನ ನಿದ್ದೆಯೆಂದು ತಿಳಿದ ಶ್ರೀಕಾಂತ್ ಅವರಿಗೆ ಸ್ವಲ್ಪ ಸಿಟ್ಟು ಬಂತು. "ಹಾಗಿದ್ರೆ ನಿದ್ದೆ ಅಂತಲೇ ಅನ್ನಬಾರದೇನಮ್ಮಾ, ಜ್ವರ ಅಂತ ಯಾಕೆ ಕರೀತೀರಿ?" ಎಂದು ಅತ್ತೆಯವರನ್ನು ಕೇಳಿದರು. "ನಮ್ಮುಳ, ನಮ್ಮಿಷ್ಟ" ಎಂದರು ಅತ್ತೆ, ಕಾಫಿ ಲೋಟ ಕೈಗೆ ಕೊಡುತ್ತಾ.

ಹುಳುಗಳು ಸಾಯಲಿಲ್ಲ. ಚಳಿಗೆ ಅವು ಕೆಲಸವನ್ನು ನಿಧಾನ ಮಾಡುತ್ತವೆ ಅಷ್ಟೇ. ಆ ಮಟ್ಟಿಗೆ ತಮ್ಮ ಎಲೆಕ್ಟ್ರಾನುಗಳಿಗೂ ನಮ್ಮ ಹುಳುಗಳಿಗೂ ಬಂಧುತ್ವವಿದೆ. ಆದರೆ ಒಟ್ಟಿಗೆ ಏಳಲಿಲ್ಲ. ಕಿಟಕಿಯ ಬಳಿಯವು ಕೂತೇ ಇದ್ದವು, ಒಳಗಿನವು ಎದ್ದು ತಲೆಯಾಡಿಸಿ ಸೊಪ್ಪು ಕೇಳಿದವು. ಎದ್ದವನ್ನೂ ಏಳದವನ್ನೂ ನಾನೂ ಅತ್ತೆಯೂ ಬೇರೆ ಬೇರೆ ಅಂತಸ್ತಿಗೆ ಆರಿಸಿದೆವು. ಕೊನೆಗೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವಾಗಲೂ ಅದೇ ಕಥೆ. ಒಂದೇ ದಿನ, ಗೂಡು ಕಟ್ಟಿಸುವ ತಟ್ಟೆಯಾದ ಚಂದ್ರಿಕೆಗೆ ಬಿಡಬೇಕಾದ ಹುಳುಗಳನ್ನು, ಮೈ ಹೊಳಪು ನೋಡಿ, ಒಂದೊಂದಾಗಿ ಹೆಕ್ಕಿ, ನಾಲ್ಕು ದಿನ ಬಿಟ್ಟೆವು; ರಘುವಿಗೂ ಆ ನಾಲ್ಕು ದಿನ ಹಸುವಿನ ನೆನಪಾಗದಂತೆ ಅತ್ತೆ ನೋಡಿಕೊಂಡರು. ಗೂಡುಗಳು ಬಿಳಿಯಾಗಿಯೇ ಇದ್ದವು. ಕೆಲವು ಗಟ್ಟಿ, ಕೆಲವು ಅಮುಕಿದರೆ ತಗ್ಗುವಂಥವು. ಮಾರುಕಟ್ಟೆಯಲ್ಲಿ ಯಾರೂ ಹೊಗಳಲಿಲ್ಲ, ಯಾರೂ ಪಕ್ಕಕ್ಕೂ ಸರಿಸಲಿಲ್ಲ.

ಹಾಗಾದರೆ ಬೆಳೆ ಕೈಗೆ ಹತ್ತಿತೇ, ಕೈಕೊಟ್ಟಿತೇ? ಜಗಲಿಯ ಮೇಲೆ ವಾದ ನಡೆಯಿತು. ಒಂದು ಬೆಳೆಯಲ್ಲಿ ಎರಡು ಥರದ ಗೂಡು ಬಂದರೆ ಅದು ಕೈಕೊಟ್ಟಂತೆಯೇ ಎಂದು ರಘು ವಾದಿಸಿದ. ಮೈದುನನೊಬ್ಬ ನೀರೆರೆದರೂ ಗೂಡು ಕಟ್ಟಿದ ಹುಳು ಎಲ್ಲಿ ಬೇಕಾದರೂ ಕಟ್ಟುತ್ತದೆ ಎಂದು ನಾನು ವಾದಿಸಿದೆ. ಅತ್ತೆ ಇಬ್ಬರ ಮಾತನ್ನೂ ಕೇಳಿ, ಎಲೆಯಡಿಕೆ ಮುಗಿಸಿ, ಮಗನ ಕಡೆ ತಿರುಗಿದರು. "ಲೇ ರಗು, ಕೋಳಿಮರಿಗೂ ಕಾವು ಬೇಕು ತಾನೇ? ಅದ್ಕೂ ಇಂತದೇ ಮಿಸಿನ್ನು, ಇಂತದೇ ತಂತಿ ತಾನೇ?" ಹೌದೆಂದ. "ಉಳ ಆದ್ಕೆ ನೀನ್ ಸುತ್ತಿದ್ ಪಿಲಾಸ್ಟರ್ ತಡ್ಕಂಡೊ. ಕೋಳಿಮರಿ ಆಗಿದ್ರೆ ಒಂದೂ ಉಳೀತಿರ್ಲಿಲ್ಲ. ಮೊದ್ಲು ಒಂದು ತಂತಿ ನೆಟ್ಗೆ ಕಟ್ಟದ್ ಕಲಿ, ಆಮೇಕೆ ಕೋಳಿ ಮಾತಾಡು." ನಾನು ಗೆದ್ದೆನೆಂದು ಮುಖ ಅರಳಿಸುವಷ್ಟರಲ್ಲಿ ನನ್ನ ಕಡೆಗೂ ತಿರುಗಿದರು. "ನೀನೇನ್ ನಗ್ತೀಯ ಕಣಮ್ಮಿ, ಮೈ ನಡುಗ್ತಾ ಇದ್ರೂ ಆ ಕೆಂಪು ಲೈಟ್ ನೋಡ್ಕಂಡ್ ಕುಂತಿದ್ದೆ. ನಾನೂ ಕುಂತಿದ್ದೆ ಬುಡು. ಉಳದ್ ಮನೆ ನಿಂದೇಯ, ಮಡುಗ್ಕೊ."

ಹೀಗೆ ಹುಳುಮನೆ ನನ್ನದಾಗಿ ಉಳಿಯಿತು, ತಾವೂ ಹುದ್ದೆಯಲ್ಲಿ ಉಳಿದಿರಿ. ತಮ್ಮ ಮೇಲೆ ಈಗ ಯಾವ ಆರೋಪವೂ ಇಲ್ಲವೆಂದು ಶ್ರೀಕಾಂತ್ ಅವರ ಮೀಟರ್ ಸಾರಿರುವಾಗ ಈ ದೂರು ಯಾಕೆಂದು ತಾವು ಕೇಳಬಹುದು. ಇದು ದೂರಲ್ಲ, ಕೆಲವು ಅರಿಕೆಗಳು. ಮುಂದಿನ ಬೆಳೆಯಿಂದ ತಾವು ದಯವಿಟ್ಟು, ತಮ್ಮ ತಂತಿ ಒದ್ದೆಯಾದಾಗ ಒಮ್ಮೆ ಕೆಮ್ಮಬೇಕು. ತಮ್ಮ ಮಾತನ್ನು ಬೇರೆಯವರು ತಿರುಚುತ್ತಿದ್ದಾರೆಂದು ಗೊತ್ತಾದ ಕೂಡಲೇ ಪೂರಿಗಾಲಿಯ ಯಾರಾದರೂ ಮಾಡುವಂತೆ ಬೀದಿಗೆ ಬಂದು ಕೂಗಾಡಬೇಕು. ಚಳಿಯಾದಾಗ ಅಡ್ಡಿಯನ್ನು ಹೆಚ್ಚಿಸಿಕೊಂಡು ಗುಟ್ಟಾಗಿ ಕೂರುವುದರ ಜೊತೆಗೆ ನಮ್ಮಂತೆ ಸ್ವಲ್ಪ ಕಣ್ಣಿಗೆ ಕಾಣುವ ಹಾಗೆ ನಡುಗಬೇಕು. ತಾಮ್ರದ ತಂತಿಯವರೊಂದಿಗೆ ತಮ್ಮ ಕುಲದವರಿಗೆ ಇರುವ ಹಳೆಯ ವೈಷಮ್ಯವನ್ನು, ಒಬ್ಬರು ಸೆಕೆಗೆ ಮುದುಡಿದರೆ ಇನ್ನೊಬ್ಬರು ಸೆಕೆಗೆ ಅರಳುವ ಈ ಪದ್ಧತಿಯನ್ನು, ಮಾತುಕತೆಯಿಂದ ಬಗೆಹರಿಸಿಕೊಂಡು ಇಬ್ಬರೂ ಒಂದೇ ದಿಕ್ಕಿಗೆ ನಡೆದರೆ ನಮ್ಮಂಥವರಿಗೆ ನೆನಪಿಟ್ಟುಕೊಳ್ಳಲು ಸುಲಭ. ಇದು ನಿಸರ್ಗದ ನಿಯಮವೆಂದೂ ಬದಲಿಸಲಾಗದೆಂದೂ ತಾವು ಹೇಳುವುದಾದರೆ, ಅತ್ತೆಯವರನ್ನು ಒಮ್ಮೆ ಭೇಟಿ ಮಾಡಬೇಕೆಂದು ಕೋರುತ್ತೇನೆ.

ಕೊನೆಯದಾಗಿ ಒಂದು ಮಾತು, ಇದನ್ನು ತಮಾಷೆಗೆ ಬರೆಯುತ್ತಿಲ್ಲ. ಆ ದಿನಗಳಲ್ಲಿ ಆ ಮನೆಯೊಳಗೆ ಚಳಿಯಾಗಿದೆಯೆಂದು ತಿಳಿದಿದ್ದವರು ತಾವು, ಹುಳುಗಳು, ನಾವು ಮೂವರು. ಎಲ್ಲರ ಮೈಯೂ ಸರಿಯಾಗಿಯೇ ಹೇಳುತ್ತಿತ್ತು. ಯಾರೊಬ್ಬರ ಮಾತೂ ಗೋಡೆಯ ಮೇಲೆ ಬರಲಿಲ್ಲ. ತಾವು ಮಾತನಾಡಲಾರಿರಿ, ಹುಳುಗಳಿಗೆ ಜ್ವರ. ನಮಗೆ ಏನಾಗಿತ್ತೆಂದು ಇನ್ನೂ ಯೋಚಿಸುತ್ತಿದ್ದೇನೆ.

ಇತಿ, ತಂತಿ ಒಣಗಿದ ಮೇಲೆ ಪುನಃ
ತಮ್ಮ ವಿಶ್ವಾಸಿಯಾದ,
ಶಶಿರೇಖಾ,
ಪೂರಿಗಾಲಿ.

ತಾಜಾಕಲಂ: ಮುಂದಿನ ಬೆಳೆಯ ಮರಿಹುಳುಗಳು ನಿನ್ನೆ ಬಂದಿವೆ, ತಾವು ಇಪ್ಪತ್ತಾರು ತೋರಿಸುತ್ತಿದ್ದೀರಿ, ನಾನು ನಂಬಿದ್ದೇನೆ. ಆದರೂ ತಮ್ಮ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ, ಗಾಜಿನ ಕೊಳವೆಯ ಒಂದು ಹಳೇ ಥರ್ಮಾಮೀಟರನ್ನು ನೇತುಹಾಕಿದ್ದೇವೆ. ಅದು ತಮ್ಮ ಮೇಲಧಿಕಾರಿಯೆಂದು ತಾವು ನೊಂದುಕೊಳ್ಳಬಾರದು. ಕೇವಲ ಪಕ್ಕದ ಮನೆಯವರು. ಹಳ್ಳಿಯಲ್ಲಿ ಪಕ್ಕದ ಮನೆಯವರಿಗೆ ಗೊತ್ತಾಗದಂತೆ ಯಾರೂ ಸುಳ್ಳು ಹೇಳಲಾರರೆಂಬುದನ್ನು ತಮ್ಮಂಥ ಸೂಕ್ಷ್ಮಜ್ಞರಿಗೆ ಬೇರೆ ಹೇಳಬೇಕಾಗಿಲ್ಲ.